ಬಾವಲಿಯ ಬಲಗಿವಿ

ಸೋಮವಾರ ಮಧ್ಯಾಹ್ನ ಹನ್ನೆರಡು ದಾಟಿತ್ತು. ಠಾಣೆಯೊಳಗೆ ಏದುಸಿರು ಬಿಡುತ್ತಾ ಬಂದವನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಹೆಬ್ಬೆರಳು ಗಾತ್ರದ ಔಷಧಿ ಬಾಟಲಿ. ಕವರನ್ನು ಮೇಜಿನ ಮೇಲಿಟ್ಟು, "ಇದನ್ನ ಯಾರೂ ಮುಟ್ಟಬೇಡಿ ಸಾರ್," ಎಂದ. ದಾರಿಯುದ್ದಕ್ಕೂ ತಾನೇ ಅದನ್ನು ಹಿಸುಕಿಕೊಂಡು ಬಂದದ್ದು ಅವನಿಗೆ ಹೊಳೆದಂತಿರಲಿಲ್ಲ.

ಅವನು ಒಂದು ಗೇಮಿಂಗ್ ಕ್ಲಬ್ಬಿನ ಮ್ಯಾನೇಜರ್. ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುವ ಐದು ಜನರ ತಂಡ ಅವನದು. ಪಂದ್ಯಗಳಿಗೆ ಹೋಗುವುದು, ಗೆಲ್ಲುವುದು, ಅದೇ ಅವರ ದುಡಿಮೆ. ದಿನವಿಡೀ ಹೆಡ್‌ಫೋನ್ ಹಾಕಿ ಕಿವಿ ಕೆರೆತ ಹಿಡಿಸಿಕೊಂಡಿದ್ದ ತಂಡದ ಹುಡುಗನೊಬ್ಬ ಆ ದಿನ ಬೆಳಿಗ್ಗೆ ಆಟ ಶುರುವಾಗುವ ಮುಂಚೆ ಎಂದಿನಂತೆ ಔಷಧಿ ಬಿಟ್ಟುಕೊಂಡ. ಬಿಟ್ಟುಕೊಂಡವನೇ ಚೀರಿ ಕುರ್ಚಿ ಸಮೇತ ಉರುಳಿದ. ಈಗ ಆಸ್ಪತ್ರೆಯಲ್ಲಿದ್ದಾನೆ. ಬಾಟಲಿಯಲ್ಲಿದ್ದದ್ದು ಔಷಧಿಯಲ್ಲ.

ಸ್ಟೇಷನ್ ರೈಟರ್ ಪೆನ್ನು ತೆಗೆದ. "ಗಾಯಾಳುವಿನ ವೃತ್ತಿ?"

"ಗೇಮ್ ಆಡೋದು."

ರೈಟರ್ ತಲೆಯೆತ್ತಿ ಇನ್ಸ್‌ಪೆಕ್ಟರ್ ಕಡೆ ನೋಡಿದ. "ಇದು ವೃತ್ತಿನಾ ಸಾರ್? ಹಾಗಾದ್ರೆ ನಮ್ಮನೇಲೂ ಒಬ್ಬ ರಜೆ ಇಲ್ದೆ ದುಡೀತಿದ್ದಾನೆ."

"ಬರ್ಕೊಳ್ರೀ," ಎಂದರು ಇನ್ಸ್‌ಪೆಕ್ಟರ್.

ಹನ್ನೆರಡೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬಾಟಲಿಯನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಆಸ್ಪತ್ರೆಯ ಡಾಕ್ಟರು ಮಾತನ್ನು ಹೆಚ್ಚು ಬೆಳೆಸಲಿಲ್ಲ. "ಬಲಗಿವಿಯ ತಮಟೆ ಸುಟ್ಟುಹೋಗಿದೆ. ಒಳಕ್ಕೂ ಇಳಿದಿದೆ. ಆ ಕಿವಿ ಇನ್ನು ಕೇಳಿಸಲ್ಲ ಅಂತಲೇ ಇಟ್ಕೊಳ್ಳಿ. ಎಡಗಿವಿಗೆ ಏನೂ ಆಗಿಲ್ಲ. ಉರಿ ತಡೀಲಾರದೆ ಬಾಟಲಿ ಬಿಸಾಕಿದ್ದಕ್ಕೆ ಅದೊಂದು ಉಳೀತು."

ಹುಡುಗನಿಗೆ ಇಪ್ಪತ್ತೆರಡು ವಯಸ್ಸು. ತಲೆಯ ಒಂದು ಬದಿಗೆ ಬ್ಯಾಂಡೇಜು ಸುತ್ತಿ ಮಲಗಿಸಿದ್ದರು. ಕ್ಲಬ್ಬಿನವರು ಅವನನ್ನು ಕರೆಯುತ್ತಿದ್ದದ್ದು ಬಾವಲಿ ಎಂದು. ಬಾವಲಿಯ ಹಾಗೆ ಅವನೂ ಕಿವಿಯಲ್ಲೇ ನೋಡುತ್ತಾನಂತೆ. ಪಕ್ಕದ ಸ್ಟೂಲಿನಲ್ಲಿ ಅವನ ಅಕ್ಕ ಕುಳಿತು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಕೈಬೆರಳುಗಳ ಚರ್ಮ ಬಿಳಿಚಿ ಸುಲಿದಿತ್ತು. ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದಾಗ ಎದ್ದು ಜಾಗ ಬಿಟ್ಟಳು.

"ಆ ಕಡೆಯಿಂದ ಮಾತಾಡಿ ಸಾರ್. ಈ ಕಡೆ ಕೇಳಿಸಲ್ಲ ಅವನಿಗೆ."

ಇನ್ಸ್‌ಪೆಕ್ಟರ್ ಸುತ್ತಿ ಬಂದು ಎಡಗಡೆ ನಿಂತರು.

"ಕೊನೇ ಸಲ ಔಷಧಿ ಹಾಕ್ಕೊಂಡಿದ್ದು ಯಾವಾಗ?"

"ನಿನ್ನೆ, ಮಲಗೋ ಮುಂಚೆ."

"ಆಗ ಉರಿ ಇತ್ತಾ?"

"ಇಲ್ಲ."

"ಆಮೇಲೆ ಬಾಟಲಿ ಎಲ್ಲಿತ್ತು?"

"ಬ್ಯಾಗಲ್ಲಿ. ಬೆಳಿಗ್ಗೆ ಹಾಗೇ ಎತ್ಕೊಂಡು ಹೋದೆ."

"ಯಾರ ಮೇಲಾದ್ರೂ ಅನುಮಾನ?"

ಹುಡುಗ ಕಣ್ಣು ಮುಚ್ಚಿಕೊಂಡ. "ನಮ್ಮ ಟೀಮಲ್ಲಿ ಅಂಥವ್ರು ಇಲ್ಲ ಸಾರ್."

ಅಕ್ಕ ಚಮಚವನ್ನು ಒರೆಸಿ ಲೋಟದೊಳಗೆ ಇಟ್ಟಳು.

ಸಂಜೆ ನಾಲ್ಕಕ್ಕೆ ಕ್ಲಬ್ಬಿನಲ್ಲಿ ಪಂಚನಾಮೆ ನಡೆಯಿತು. ಪಕ್ಕದ ಝೆರಾಕ್ಸ್ ಅಂಗಡಿಯವನೂ ಕೆಳಗಿನ ಟೈಲರ್ರೂ ಪಂಚರು. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಗೋಡೆಗೆ ಸ್ಪಂಜಿನ ಹಾಳೆ, ಎರಡು ಸಾಲಿನಲ್ಲಿ ಹತ್ತು ಕುರ್ಚಿ. ಅಲ್ಲಿ ಕೆಮ್ಮಿದರೂ ಸದ್ದು ಬಾಯಿ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ನೆಲದಲ್ಲಿ ಬೆಳ್ಳಗೆ ಒಣಗಿದ ಕಲೆಯನ್ನು ಅಳೆದ. ರೈಟರ್ ಬರೆದುಕೊಂಡ.

ಕ್ಯಾಮೆರಾದ ದೃಶ್ಯಗಳನ್ನು ಇನ್ಸ್‌ಪೆಕ್ಟರ್ ಎರಡೆರಡು ಸಲ ನೋಡಿದರು. ಬಾವಲಿ ಒಳಗೆ ಬಂದ, ಬ್ಯಾಗನ್ನು ಕಾಲ ಬಳಿ ಇಟ್ಟ, ಬಾಟಲಿ ತೆಗೆದ, ತಲೆ ಎಡಕ್ಕೆ ವಾಲಿಸಿದ. ನಡುವೆ ಆ ಬ್ಯಾಗಿನ ಹತ್ತಿರ ಒಂದು ನೊಣವೂ ಸುಳಿದಿರಲಿಲ್ಲ.

ಆದರೂ ಆ ತಂಡದಲ್ಲಿ ಒಬ್ಬ ಆರನೆಯವನಿದ್ದ. ಯಾರಾದರೂ ಹುಷಾರು ತಪ್ಪಿದರೆ ಮಾತ್ರ ಆಡಲು ಸಿಗುವವನು. ಎಲ್ಲರೂ ಅವನನ್ನು ಸ್ಟೆಪ್ನಿ ಎನ್ನುತ್ತಿದ್ದರು. ಬಾವಲಿಯ ಕುರ್ಚಿ ಈಗ ಅವನಿಗೇ ಸಿಗಬೇಕು.

"ನಿನಗೆ ಲಾಭ ಆಯ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ಯಾವ ಲಾಭ ಸಾರ್? ಅವನ ಕಿವಿ ಹೋದ್ಮೇಲೆ ಟೀಮೇ ಹೋದ ಹಾಗೆ. ಗಾಡೀನೇ ಇಲ್ದಿದ್ರೆ ಸ್ಟೆಪ್ನಿ ತಗೊಂಡು ಏನ್ಮಾಡ್ತಾರೆ?"

"ಒಂದು ಕಿವಿ ಇದೆಯಲ್ಲ."

ಸ್ಟೆಪ್ನಿ ಒಂದು ಹೆಡ್‌ಫೋನ್ ಎತ್ತಿ ಅವರ ಮುಂದೆ ಹಿಡಿದ. "ಹಾಕ್ಕೊಳ್ಳಿ ಸಾರ್. ಕಣ್ಣು ಮುಚ್ಕೊಳ್ಳಿ."

ಇನ್ಸ್‌ಪೆಕ್ಟರ್ ಹಾಕಿಕೊಂಡರು. ಮೊದಲು ಏನೂ ಇರಲಿಲ್ಲ. ಆಮೇಲೆ ಬಲಗಡೆ, ಸ್ವಲ್ಪ ಹಿಂದೆ, ಮರದ ಹಲಗೆಯ ಮೇಲೆ ಯಾರೋ ಓಡಿದ ಸದ್ದು. ಅದು ನಿಂತಿತು. ಎಡಗಡೆ ಮೇಲೆಲ್ಲೋ ಕಬ್ಬಿಣ ಮೆಟ್ಟಿದ ಸದ್ದು. ಗೋಡೆಯಾಚೆ ಯಾರೋ ಬಂದೂಕಿಗೆ ಗುಂಡು ತುಂಬಿದಂತೆ ಕಟಕ್ ಎಂದಿತು. ಅವರಿಗೇ ಗೊತ್ತಿಲ್ಲದಂತೆ ಕುತ್ತಿಗೆ ಆ ಕಡೆ ತಿರುಗಿತು.

"ನೋಡಿದ್ರಾ? ಮೈಯೇ ಹೇಳುತ್ತೆ," ಎಂದ ಸ್ಟೆಪ್ನಿ. "ಮೆಲ್ಲಗೆ ನಡೆದ್ರೆ ಹೆಜ್ಜೆ ಕೇಳಿಸಲ್ಲ, ಓಡಿದ್ರೆ ಕೇಳಿಸುತ್ತೆ. ಆದ್ರೆ ಎಷ್ಟು ಹೊತ್ತು ಅಂತ ಮೆಲ್ಲಗೆ ನಡೀತಾರೆ? ಅವಸರ ಆಗುತ್ತೆ, ಒಂದೆರಡು ಹೆಜ್ಜೆ ಓಡ್ತಾರೆ. ನಮಗೆ ಅದು ಬರೀ ಸದ್ದು. ಬಾವಲಿಗೆ ಆಳು ಎಲ್ಲಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ, ಎಲ್ಲಾ ಗೊತ್ತಾಗುತ್ತೆ." ಅವನು ಕೈ ಚಾಚಿ ಇನ್ಸ್‌ಪೆಕ್ಟರ್ ಬಲಗಿವಿಯ ಮೇಲಿದ್ದ ಗುಂಡನೆಯ ಮೆತ್ತೆಯನ್ನು ಸರಿಸಿದ. "ಈಗ ಹೇಳಿ, ಎಲ್ಲಿದ್ದಾನೆ?"

ಹೆಜ್ಜೆ ಕೇಳಿಸುತ್ತಲೇ ಇತ್ತು. ಆದರೆ ಅದಕ್ಕೆ ದಿಕ್ಕೇ ಇರಲಿಲ್ಲ. ಯಾರೋ ಬರುತ್ತಿದ್ದಾರೆ, ಎಲ್ಲಿಂದಲೋ ಬರುತ್ತಿದ್ದಾರೆ, ಅಷ್ಟೇ. ಇನ್ಸ್‌ಪೆಕ್ಟರ್‌ಗೆ ಮೈ ಜುಮ್ಮೆಂದಿತು. ಹೆಡ್‌ಫೋನ್ ತೆಗೆದಿಟ್ಟರು.

"ಒಂದು ಹೋದ್ರೆ ಸಾಕು ಸಾರ್. ಕೇಳ್ಸುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ."

ಬಾವಲಿಯ ಕೈಚಳಕ ಕಣ್ಣಾರೆ ನೋಡಿ ಎಂದು ಸ್ಟೆಪ್ನಿ ಫೋನು ತೆಗೆದು ಕ್ಲಬ್ಬಿನ ವಿಡಿಯೋ ಒಂದನ್ನು ಹಾಕಿದ. ನಾಲ್ಕು ತಿಂಗಳ ಹಿಂದಿನ ಪಂದ್ಯ. ಹುಡುಗರು ಅವರವರ ಮನೆಯಿಂದಲೇ ಆಡಿದ್ದು. ಪರದೆಯ ಮೇಲೆ ಆಟ, ಹಿಂದೆ ಅವರ ಮಾತು. ಬಾವಲಿಯ ದನಿ ಪಿಸುಮಾತಿನಂತಿತ್ತು. "ಕಬ್ಬಿಣದ ಮೆಟ್ಟಿಲು. ಎಡಗಡೆ ಒಬ್ಬ. ಇನ್ನೊಬ್ಬ ಬಾಗಿಲ ಹಿಂದೆ ನಿಂತಿದ್ದಾನೆ, ಅಲ್ಲಾಡ್ತಿಲ್ಲ."

ಆ ಮಾತಿನ ಹಿಂದೆ, ದೂರದಿಂದೆಂಬಂತೆ, ಒಂದು ಹೆಂಗಸಿನ ದನಿ. "ಪುಟ್ಟಾ..."

"ಲೋ, ನಿಮ್ಮಮ್ಮ ಕರೀತಿದ್ದಾರೆ ಕಣೋ," ಎಂದ ಇನ್ನೊಬ್ಬ ಆಟಗಾರ.

"ಅವಳದ್ದು ಯಾವಾಗ್ಲೂ ಇದ್ದಿದ್ದೇ. ತಡಿ, ಮೈಕ್ ಆಫ್ ಮಾಡ್ತೀನಿ." ಟಕ್.

ವಿಡಿಯೋ ಮಾಡಿದವನು ಅಲ್ಲಿ ನಗೆಯ ಅಲೆಯೊಂದನ್ನು ಸೇರಿಸಿದ್ದ. ಲಟ್ಟಣಿಗೆ ಹಿಡಿದು ಓಡಿಬರುವ ಒಂದು ಕಾರ್ಟೂನ್ ಅಮ್ಮನನ್ನೂ ಕೂರಿಸಿದ್ದ. ಮರುಕ್ಷಣ ಬಾವಲಿ ಇಬ್ಬರನ್ನೂ ಹೊಡೆದುರುಳಿಸಿದ. ಹೆಡ್ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಇನ್ಸ್‌ಪೆಕ್ಟರ್ ಮುಖದಲ್ಲೂ ನಗು ಮೂಡಿತು.

"ತುಂಬಾ ಓಡಿರೋ ವಿಡಿಯೋ ಸಾರ್," ಎಂದ ಸ್ಟೆಪ್ನಿ. "ನಗೋದಕ್ಕೆ ಅಂತಲೇ ಜನ ನೋಡ್ತಾರೆ."

ಮರುದಿನ ಬೆಳಿಗ್ಗೆ ಪ್ರಯೋಗಾಲಯದವರು ಫೋನಿನಲ್ಲೇ ಹೇಳಿದರು. ಬಾಟಲಿಯಲ್ಲಿದ್ದದ್ದು ತೀವ್ರ ಕ್ಷಾರ. ದೊಡ್ಡ ಲಾಂಡ್ರಿಗಳಲ್ಲಿ ಕಲೆ ತೆಗೆಯಲು ಬಳಸುವಂಥದ್ದು. ಮನೆಬಳಕೆಗೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಿಂದಿನ ರಾತ್ರಿ ಉರಿ ಇರಲಿಲ್ಲ, ಕ್ಲಬ್ಬಿನಲ್ಲಿ ಬ್ಯಾಗನ್ನು ಯಾರೂ ಮುಟ್ಟಿರಲಿಲ್ಲ; ಬಾಟಲಿಯಲ್ಲಿದ್ದದ್ದು ಬದಲಾದದ್ದು ಮನೆಯಲ್ಲೇ ಎಂದಾಯಿತು. ಹತ್ತು ಗಂಟೆಗೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಬಾವಲಿಯ ಮನೆಗೆ ಹೋದರು. ಕೀಲಿ ಅವನೇ ಕೊಟ್ಟಿದ್ದ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದು ಕೋಣೆಯಲ್ಲಿ ಕಂಪ್ಯೂಟರು, ಮೆತ್ತನೆಯ ಎತ್ತರದ ಕುರ್ಚಿ. ಇನ್ನೊಂದರಲ್ಲಿ ಒಂದು ಮಂಚ, ನಾಲ್ಕು ಕಾಲಿನ ಊರುಗೋಲು, ಕಿಟಕಿಯ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು. ನಡುವೆ ಬಾತ್‌ರೂಮು. ಬಾಲ್ಕನಿಯ ತಂತಿಯಲ್ಲಿ ನೀಲಿ ಕೋಟೊಂದು ಒಣಗುತ್ತಿತ್ತು. ಜೇಬಿನ ಮೇಲೆ ಲಾಂಡ್ರಿಯ ಹೆಸರು ಹೊಲಿದಿತ್ತು.

ಹೆಡ್ ಕಾನ್‌ಸ್ಟೇಬಲ್ ಅದನ್ನು ನೋಡಿದ, ಇನ್ಸ್‌ಪೆಕ್ಟರ್ ಮುಖ ನೋಡಿದ. "ಅಕ್ಕನಾ ಸಾರ್? ಬಾಯಿಗೆ ನೀರು ಬಿಡ್ತಿದ್ದಳಲ್ಲ ಅವಳು!"

ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದರು. ಪಕ್ಕದ ಮನೆಯ ಅಜ್ಜಿ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅವರನ್ನೇ ಕರೆದು ಕೇಳಿದರು.

"ಅಕ್ಕ ತಮ್ಮ ಜಗಳ ಆಡ್ತಿದ್ರಾ ಅಜ್ಜಿ?"

"ಜಗಳ ಆಡಿದ್ರೆ ಚೆನ್ನಾಗಿತ್ತು. ಅವರಮ್ಮ ಹೋದ್ಮೇಲೆ ಆ ಮನೇಲಿ ಮಾತೇ ಇಲ್ಲ. ಅವಳು ಎಂಟಕ್ಕೆ ಲಾಂಡ್ರಿಗೆ ಹೋಗ್ತಾಳೆ, ಸಂಜೆ ಬರ್ತಾಳೆ, ಬೇಯಿಸ್ತಾಳೆ, ಮಲಗ್ತಾಳೆ."

"ಅಮ್ಮನಿಗೆ ಏನಾಗಿತ್ತು?"

"ಸೊಂಟದ ಆಪರೇಷನ್ ಆಗಿತ್ತು ಕಣಪ್ಪಾ, ಒಬ್ಬಳೇ ಓಡಾಡೋ ಹಾಗಿರಲಿಲ್ಲ. ಮಗಳು ಕೆಲಸಕ್ಕೆ ಹೋದಾಗ ಮಗ ಮನೇಲಿರ್ತಿದ್ದ. ಅವನಿಗೆ ಬೇರೇನೂ ಕೆಲಸ ಹಚ್ಚಿರಲಿಲ್ಲ ಪಾಪ. ಅಮ್ಮ ಕರೆದ್ರೆ ಹೋಗು, ಅಷ್ಟೇ. ಅವತ್ತು ಬಾತ್‌ರೂಮಲ್ಲಿ ಬಿದ್ದುಬಿಟ್ಟಳು. ತಲೆಗೆ ಏಟು. ಸಂಜೆ ಮಗಳು ಬರೋವರೆಗೂ ಅಲ್ಲೇ ಬಿದ್ದಿದ್ದಳು. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು." ಅಜ್ಜಿ ಸೆರಗಿನಿಂದ ಬಾಯಿ ಒತ್ತಿಕೊಂಡರು. "ನನಗೂ ಕೂಗು ಕೇಳಿಸ್ತು. ಅವನ ಆಟದ್ದೇ ಗಲಾಟೆ ಅಂದ್ಕೊಂಡೆ. ದಿನಾ ಕಿರುಚಾಡ್ತಾನಲ್ಲ."

"ಹುಡುಗ ಏನಂದ?"

"ಏನೋ ಕೇಳಿಸ್ತು ಅಕ್ಕಾ, ಎಲ್ಲಿಂದ ಅಂತ ಗೊತ್ತಾಗಲಿಲ್ಲ, ರಸ್ತೇಲಿ ಯಾರೋ ಅಂದ್ಕೊಂಡೆ ಅಂದ. ಅವಳು ಒಂದು ಮಾತೂ ಆಡಲಿಲ್ಲ. ತಮ್ಮನ ತಲೆ ಸವರಿದಳು."

"ಅದು ಯಾವತ್ತು ಅಜ್ಜಿ?"

"ಮಾರ್ಚ್ ಒಂಬತ್ತು."

ಇನ್ಸ್‌ಪೆಕ್ಟರ್ ಒಳಗೆ ಹೋಗಿ ಆ ಎತ್ತರದ ಕುರ್ಚಿಯಲ್ಲಿ ಕುಳಿತರು. ಹೆಡ್‌ಫೋನ್ ಹಾಕಿಕೊಂಡರು. ಹೆಡ್ ಕಾನ್‌ಸ್ಟೇಬಲ್‌ಗೆ ಬಾತ್‌ರೂಮಿಗೆ ಹೋಗಿ ಕೂಗಲು ಹೇಳಿದರು. ಅವನ ದನಿ ಮೆತ್ತೆಯನ್ನು ದಾಟಿ ಸ್ಪಷ್ಟವಾಗಿಯೇ ಬಂತು, ಬೆನ್ನ ಹಿಂದೆ, ಬಲಕ್ಕೆ. ಅಲ್ಲಿ ಬಾತ್‌ರೂಮಲ್ಲದೆ ಬೇರೇನೂ ಇರಲಿಲ್ಲ. ಆಮೇಲೆ ಫೋನಿನಲ್ಲಿ ಕ್ಲಬ್ಬಿನ ವಿಡಿಯೋ ಹುಡುಕಿದರು. ಪಂದ್ಯದ ದಿನಾಂಕ ಪರದೆಯ ಮೂಲೆಯಲ್ಲಿ ಪುಟ್ಟದಾಗಿ ಬಿದ್ದಿತ್ತು. ಮಾರ್ಚ್ ಒಂಬತ್ತು.

ಈ ಸಲ ಇಬ್ಬರೂ ನಗಲಿಲ್ಲ. "ಪುಟ್ಟಾ" ಎಂಬ ಆ ದನಿ ನೆಲದ ಮಟ್ಟದಿಂದ ಬರುತ್ತಿತ್ತು ಎಂಬುದು ಈಗ ಯಾರಿಗಾದರೂ ಗೊತ್ತಾಗುವಂತಿತ್ತು. ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವಿಡಿಯೋದ ಕೆಳಗೆ ಜನ ಬರೆದ ಸಾಲುಗಳು ಒಂದರ ಕೆಳಗೊಂದು ಸಾಗುತ್ತಿದ್ದವು. ನಮ್ಮಮ್ಮನೂ ಹೀಗೇ. ಆಟದ ಮಧ್ಯೆ ಅಮ್ಮಂದಿರು ಯಾಕೆ ಕರೀತಾರೋ. ನಗುವ ಮುಖಗಳು, ನೂರಾರು.

ಲಾಂಡ್ರಿ ಒಂದು ದೊಡ್ಡ ಶೆಡ್ಡು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ರಾಶಿರಾಶಿಯಾಗಿ ಬರುತ್ತಿತ್ತು. ಒಳಗೆ ಹಬೆ, ಬಿಸಿ, ತಿರುಗುವ ಡ್ರಮ್ಮುಗಳ ಅಬ್ಬರ. ಪಕ್ಕದಲ್ಲಿ ನಿಂತವರಿಗೂ ಕಿರುಚಿಯೇ ಹೇಳಬೇಕು. ತಮ್ಮನನ್ನು ನೋಡಿಕೊಳ್ಳಲು ಅವಳು ಒಂದೇ ದಿನದ ರಜೆ ಹಾಕಿದ್ದಳು. ಮಹಿಳಾ ಕಾನ್‌ಸ್ಟೇಬಲ್ ಹತ್ತಿರ ಹೋಗಿ ಭುಜ ಮುಟ್ಟಿದಾಗ ಅವಳು ಕೈಯಲ್ಲಿದ್ದ ಬೆಡ್‌ಶೀಟನ್ನು ಪೂರ್ತಿ ಮಡಿಸಿ, ಅಂಚು ಕೂಡಿಸಿ, ರಾಶಿಯ ಮೇಲಿಟ್ಟು ಹಿಂದೆ ಬಂದಳು.

ತನ್ನ ಕಪಾಟನ್ನು ಅವಳೇ ತೆಗೆದು ತೋರಿಸಿದಳು. ಊಟದ ಡಬ್ಬಿಯ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಶೀಷೆ.

"ಇದೇನು?" ಎಂದರು ಇನ್ಸ್‌ಪೆಕ್ಟರ್.

"ಅವನ ಔಷಧಿ. ಬಾಟಲೀಲಿ ಇದ್ದಿದ್ದು. ಚೆಲ್ಲೋಕೆ ಮನಸ್ಸು ಬರಲಿಲ್ಲ."

ಲಾಂಡ್ರಿಯ ಮೇಲ್ವಿಚಾರಕ ಮತ್ತು ಅವಳ ಜೊತೆಗೆ ಕೆಲಸ ಮಾಡುವ ಹೆಂಗಸಿನ ಎದುರಿಗೆ ಶೀಷೆಯನ್ನು ಜಪ್ತಿ ಮಾಡಿದರು. ಆ ಹೆಂಗಸು ಸಹಿ ಹಾಕುವಾಗ ಗಳಗಳನೆ ಅತ್ತಳು. "ಆ ವಿಡಿಯೋ ನಾನೇ ತೋರಿಸಿದೆ ಸಾರ್. ಹೋದ ವಾರ, ಊಟದ ಹೊತ್ತಲ್ಲಿ. ನೋಡೇ, ನಿನ್ನ ತಮ್ಮ ಎಷ್ಟು ಫೇಮಸ್ಸು ಅಂತ. ಎಲ್ಲರೂ ನಕ್ಕರು. ಇವಳು ಇನ್ನೊಂದ್ಸಲ ಹಾಕು ಅಂದಳು. ನನಗೇನು ಗೊತ್ತಿತ್ತು!"

ಠಾಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ವಿಚಾರಣೆ ಶುರುವಾಯಿತು. ಅವಳು ನೀರು ಬೇಡವೆಂದಳು.

"ಯಾವಾಗ ಬದಲಾಯಿಸಿದೆ?"

"ಸೋಮವಾರ ಬೆಳಿಗ್ಗೆ. ಅವನು ಸ್ನಾನಕ್ಕೆ ಹೋಗಿದ್ದಾಗ."

"ಎರಡೂ ಕಿವಿಗೆ ಹಾಕ್ಕೊಳ್ತಾನೆ ಅಂದ್ಕೊಂಡಿದ್ಯಾ?"

"ಇಲ್ಲ. ಮೊದಲು ಬಲಗಿವಿಗೆ ಹಾಕ್ತಾನೆ. ಹಾಕಿದ ಕೂಡ್ಲೇ ಉರಿ ಹತ್ತುತ್ತೆ, ಇನ್ನೊಂದಕ್ಕೆ ಹಾಕಲ್ಲ."

"ಒಂದೇ ಸಾಕಿತ್ತಾ?"

ಅವಳು ಮೊದಲ ಸಲ ಇನ್ಸ್‌ಪೆಕ್ಟರ್ ಮುಖ ನೋಡಿದಳು. "ಕೇಳಿಸ್ಬೇಕು ಸಾರ್. ಎಲ್ಲಿಂದ ಅಂತ ಗೊತ್ತಾಗ್ಬಾರ್ದು. ಅವನೇ ಹಾಗಂದಿದ್ದಲ್ವಾ?"

ರೈಟರ್‌ನ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಬರೆಯುವಂತೆ ಸನ್ನೆ ಮಾಡಿದರು.

"ಒಂದು ಕಿವಿ ಹೋದ್ರೆ ದಿಕ್ಕು ತಿಳಿಯಲ್ಲ ಅಂತ ನಿನಗೆ ಯಾರು ಹೇಳಿದ್ದು?"

"ಅವನೇ. ಚಿಕ್ಕವನಿದ್ದಾಗ ನನ್ನ ಕಣ್ಣು ಕಟ್ಟಿ ಆಡಿಸ್ತಿದ್ದ. ಎಲ್ಲಿದ್ದೀನಿ ಹೇಳು ಅಕ್ಕಾ ಅಂತ. ನಾನು ಸೋತ್ರೆ, ಒಂದು ಕಿವಿ ಮುಚ್ಕೊಂಡಿದ್ಯಾ ಅಂತ ರೇಗಿಸ್ತಿದ್ದ. ಆ ಹೆಡ್‌ಫೋನ್ ಕೊಡಿಸಿದ್ದೂ ನಾನೇ. ಸ್ಪೀಕರ್ ಹಾಕಿದ್ರೆ ಅಮ್ಮನಿಗೆ ನಿದ್ದೆ ಬರ್ತಿರಲಿಲ್ಲ."

"ಅವನನ್ನ ಕೇಳಬಹುದಿತ್ತಲ್ಲ? ಬೈಬಹುದಿತ್ತಲ್ಲ?"

"ಕೇಳಿದ್ರೆ ಅವನು ಮತ್ತೆ ಅದನ್ನೇ ಹೇಳ್ತಿದ್ದ. ನಾನು ಮತ್ತೆ ತಲೆ ಸವರ್ಬೇಕಿತ್ತು."

ಮೂರೂ ಕಾಲಿಗೆ ಬಂಧನದ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಂಡರು. ಬಂಧನದ ವಿಷಯ ಹತ್ತಿರದ ಬಂಧುವಿಗೆ ತಿಳಿಸಬೇಕೆಂದು ನಿಯಮ. ಯಾರಿಗೆ ತಿಳಿಸುವುದೆಂದು ರೈಟರ್ ಕೇಳಿದ. ಅವಳು ತಮ್ಮನ ನಂಬರು ಹೇಳಿದಳು.

ಬಾವಲಿ ಆಸ್ಪತ್ರೆಯಿಂದ ಹಟ ಹಿಡಿದು ಬಂದ. ತಲೆಗೆ ಬ್ಯಾಂಡೇಜು ಹಾಗೇ ಇತ್ತು. ನಡೆಯುವಾಗ ಒಂದು ಬದಿಗೆ ವಾಲುತ್ತಿದ್ದ. ಒಳಗಿವಿ ಹೋದರೆ ಮೈಯ ಹಿಡಿತವೂ ತಪ್ಪುತ್ತದೆಂದು ಡಾಕ್ಟರು ಹೇಳಿದ್ದರು. ಹೊರಗೆ ಕಾನ್‌ಸ್ಟೇಬಲ್ "ಈ ಕಡೆ ಬಾರಪ್ಪಾ" ಎಂದಾಗ ಅವನು ಖಾಲಿ ಗೋಡೆಯ ಕಡೆ ತಿರುಗಿದ್ದನ್ನು ಇನ್ಸ್‌ಪೆಕ್ಟರ್ ಕಿಟಕಿಯಿಂದ ನೋಡಿದರು.

ಅವನ ಎದುರಿಗೆ ಫೋನಿಟ್ಟು ವಿಡಿಯೋ ಹಾಕಲು ಹೋದರು. ಅವನು ಕೈ ಅಡ್ಡ ಇಟ್ಟ.

"ಬೇಡ ಸಾರ್. ನನಗೆ ಗೊತ್ತು."

"ಇದನ್ನ ತೆಗೀರಿ ಅಂತ ಕ್ಲಬ್ಬಿನವರಿಗೆ ಯಾಕೆ ಹೇಳಲಿಲ್ಲ?"

"ಯಾಕೆ ಅಂತ ಕೇಳ್ತಾರಲ್ಲ."

"ಅವತ್ತು ಎಲ್ಲಿಂದ ಕೇಳಿಸ್ತು ನಿನಗೆ?"

"ಬಾತ್‌ರೂಮಿಂದ. ಬಿದ್ದಿದ್ದಾಳೆ ಅಂತಲೂ ಗೊತ್ತಾಯ್ತು. ದನಿ ಕೆಳಗಿಂದ ಬರ್ತಿತ್ತು. ರೌಂಡ್ ಮುಗೀಲಿ, ಎದ್ದು ಹೋಗ್ತೀನಿ ಅಂದ್ಕೊಂಡೆ. ಎರಡು ನಿಮಿಷಾನೂ ಇರಲ್ಲ ಸಾರ್ ಒಂದು ರೌಂಡು. ಆಮೇಲೆ ಕೂಗು ನಿಂತುಹೋಯ್ತು. ಎದ್ದಿರ್ಬೇಕು ಅಂದ್ಕೊಂಡೆ. ಇನ್ನೊಂದು ರೌಂಡ್ ಶುರುವಾಯ್ತು."

ಅವನು ಹೇಳಿದ್ದಕ್ಕೆ ಹಚ್ಚುವ ಕಲಮು ಆ ಎಫ್‌ಐಆರ್‌ನಲ್ಲಿ ಇರಲಿಲ್ಲ. ಯಾವ ಎಫ್‌ಐಆರ್‌ನಲ್ಲೂ ಇರುತ್ತಿರಲಿಲ್ಲವೇನೋ.

"ಕಂಪ್ಲೇಂಟ್ ವಾಪಸ್ ತಗೋಬಹುದಾ ಸಾರ್?"

"ಆಗಲ್ಲಪ್ಪಾ. ಇದು ಅಂಥ ಕೇಸಲ್ಲ."

"ಹಾಗಾದ್ರೆ ನಾನು ಹೇಳಿದ್ದನ್ನ ಅಕ್ಕನಿಗೆ ಹೇಳಿ."

"ನೀನೇ ಹೇಳು."

ಅವಳು ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಕೋರ್ಟಿಗೆ ಕರೆದೊಯ್ಯಲು ಜೀಪು ಬರಬೇಕಿತ್ತು. ಹುಡುಗ ಅವಳೆದುರು ನೆಲದಲ್ಲೇ ಕುಕ್ಕರಿಸಿದ. ಇನ್ಸ್‌ಪೆಕ್ಟರ್‌ಗೆ ಹೇಳಿದ್ದನ್ನೆಲ್ಲ ಹೇಳಿದ, ಒಂದಕ್ಷರ ಬಿಡದೆ. ರೌಂಡಿನದ್ದು, ಕೂಗು ನಿಂತದ್ದು, ಎದ್ದಿರಬೇಕು ಅಂದುಕೊಂಡದ್ದು. ಹೇಳಿ ಮುಗಿಸಿ, "ಗೊತ್ತಿತ್ತು ಅಕ್ಕಾ," ಎಂದ.

ಅವಳು ತನ್ನ ಸುಲಿದ ಬೆರಳುಗಳನ್ನೇ ನೋಡುತ್ತಿದ್ದಳು.

"ಇಷ್ಟು ಅವತ್ತೇ ಹೇಳಿದ್ರೆ ಸಾಕಿತ್ತಲ್ಲೋ," ಎಂದಳು.

ಹೊರಗೆ ಜೀಪು ಬಂದು ನಿಂತಿತು. ಅವಳು ಎದ್ದಳು. ತಮ್ಮನನ್ನು ದಾಟುವಾಗ ಅವನ ತಲೆಯ ಮೇಲೆ ಕೈಯಿಡಲು ಹೋದವಳು ಬ್ಯಾಂಡೇಜು ಕಂಡು ಕೈ ಹಿಂದೆಳೆದುಕೊಂಡಳು. ಆಗ ಅವಳಿಗೆ ಅಳು ಬಂತು, ಎಷ್ಟು ಜೋರಾಗಿ ಬಂತೆಂದರೆ ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಎತ್ತಿಕೊಂಡಂತೆಯೇ ಮೆಟ್ಟಿಲು ಇಳಿಸಬೇಕಾಯಿತು.

ಮ್ಯಾಜಿಸ್ಟ್ರೇಟರು ಅವಳನ್ನು ಹದಿನಾಲ್ಕು ದಿನ ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಕ್ಲಬ್ಬಿನವರು ಆ ವಿಡಿಯೋವನ್ನು ತೆಗೆದುಹಾಕಿದರು. ಅಷ್ಟರಲ್ಲಿ ಬೇರೆಯವರು ಅದನ್ನು ಎಲ್ಲೆಲ್ಲೋ ಹಾಕಿಕೊಂಡಿದ್ದರು, ನಗೆಯ ಅಲೆಯ ಸಮೇತ. ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಕಾರಣವೆಂದು ತಾಯಿಯ ಸಾವು, ಗಾಯಾಳುವಿನ ನಿರ್ಲಕ್ಷ್ಯ, ಅದರಿಂದ ಹುಟ್ಟಿದ ದುಃಖ ಎಂದು ಮೂರು ಸಾಲು ಬರೆಸಿ ಇನ್ಸ್‌ಪೆಕ್ಟರ್ ಸಹಿ ಹಾಕಿದರು. ಜಾಮೀನಿಗೆ ನಿಲ್ಲಲು ಅವಳಿಗೆ ಇದ್ದ ಒಬ್ಬನೇ ಬಂಧು ಅದೇ ಕೇಸಿನ ಗಾಯಾಳು. ಅವನು ವಕೀಲರನ್ನು ಹಿಡಿದು ಬಂದ. ಅವಳು ಬೇಡವೆಂದಳು.